ಮೂಲಂಗಿ ಮೇಲಿನ ಕಿತ್ತಳೆ ಹುಳು, ತುಳಸಿ ಮೇಲಿನ ನೀಲಿ ಚುಕ್ಕೆ ಹುಳು: ಎರಡೂ ಕಣಜಾನಾ?

ಜಯನಗರ ತಾರಸಿ:
ನಮ್ಮ ತಾರಸಿ ತೋಟಕ್ಕೆ ಎರಡು ಥರದ ಹುಳು ಬರುತ್ತಿವೆ. ಮೂಲಂಗಿ ಎಲೆ ಮೇಲೆ ಕೂರೋದು ಕಿತ್ತಳೆ ಬಣ್ಣ, ತಲೆ ಕಪ್ಪು, ರೆಕ್ಕೆ ಹೊಗೆ ಬಣ್ಣ. ತುಳಸಿ ಹೂವಿಗೆ ಬರೋದರ ಕಪ್ಪು ಮೈ ತುಂಬಾ ತಿಳಿನೀಲಿ ಚುಕ್ಕೆ, ನೋಡೋಕೆ ತುಂಬಾ ಚೆನ್ನಾಗಿದೆ. ಮನೆಯಲ್ಲಿ ಎರಡೂ ಕಣಜ, ಮಕ್ಕಳಿಗೆ ಕಚ್ಚುತ್ತವೆ, ಔಷಧಿ ಹೊಡಿ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ತಿಳಿದವರು ಹೇಳಿ.

ಹೆಬ್ಬಾಳದ ಹುಳುಪ್ರೇಮಿ:
ದಯವಿಟ್ಟು ಹೊಡೆಯಬೇಡಿ. ಎರಡೂ ಕಣಜ ಅಲ್ಲ. ಇರುವೆ, ಜೇನು, ಕಣಜ ಎಲ್ಲ ಇರೋ ದೊಡ್ಡ ಗುಂಪಿಗೆ ಸೇರಿದವು, ಅಷ್ಟೇ ನೆಂಟಸ್ತಿಕೆ. ಮೊದಲು ಸೊಂಟ ನೋಡಿ. ಕಿತ್ತಳೆಯದಕ್ಕೆ ಎದೆ, ಹೊಟ್ಟೆ ನಡುವೆ ಸಣ್ಣ ಸೊಂಟವೇ ಇರೋದಿಲ್ಲ. ಅದು ಸಾಸಿವೆ ಗರಗಸ ನೊಣ, ಅಥಾಲಿಯಾ. ಹೆಣ್ಣಿನ ಹಿಂತುದಿಯಲ್ಲಿ ಹಲ್ಲುಹಲ್ಲಾದ ಅಂಗ ಇದೆ, ಅದರಿಂದ ಎಲೆ ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಕುಟುಕೋದಿಲ್ಲ.

ನೀಲಿ ಚುಕ್ಕೆಯದು ಥೈರಿಯಸ್, ಕೋಗಿಲೆ ಜೇನು. ಅದರ ಕಾಲಲ್ಲಿ ಪರಾಗ ಹೊರೋ ದಟ್ಟ ಕೂದಲಿಲ್ಲ, ಯಾಕೆಂದರೆ ಅದು ಮರಿಗೆ ಅಂತ ಏನೂ ಕೂಡಿಡೋದಿಲ್ಲ. ನೀಲಿಪಟ್ಟೆ ಜೇನು ಮಣ್ಣಲ್ಲಿ ಬಿಲ ತೋಡಿ ತನ್ನ ಮರಿಗೆ ಪರಾಗ, ಮಕರಂದ ತುಂಬಿಸಿಟ್ಟಿರುತ್ತದಲ್ಲ, ಅದೇ ಕೋಣೆಗೆ ನುಗ್ಗಿ ಕೋಗಿಲೆ ಜೇನು ತನ್ನ ಮೊಟ್ಟೆ ಇಟ್ಟು ಬರುತ್ತದೆ. ಒಡೆದು ಬಂದ ಮರಿ ಆ ಮನೆಯ ಮರಿಯನ್ನು ಕೊಂದು, ಇಟ್ಟ ಊಟವನ್ನೆಲ್ಲ ತಿಂದು ಬೆಳೆಯುತ್ತದೆ.

ಕೈತೋಟ ಅಜ್ಜಿ:
ಮೂಲಂಗಿ ಎಲೆ ತೂತಾಗಿದ್ದರೆ ಅದು ಗರಗಸ ನೊಣದ ಮರಿಗಳ ಕೆಲಸ ಕಣಪ್ಪ. ಥೇಟ್ ಚಿಟ್ಟೆಯ ಮರಿಹುಳದ ಹಾಗೇ ಕಾಣುತ್ತವೆ. ಹೊಟ್ಟೆ ಕೆಳಗಿನ ಮೆತ್ತನೆ ಕಾಲು ಎಣಿಸು: ಚಿಟ್ಟೆ, ಪತಂಗದ ಮರಿಗೆ 5 ಜೊತೆಗಿಂತ ಜಾಸ್ತಿ ಇರೋದಿಲ್ಲ, ಇದಕ್ಕೆ 8 ಜೊತೆ. ಮುಟ್ಟಿದರೆ ಸುರುಳಿ ಸುತ್ತಿಕೊಂಡು ಕೆಳಗೆ ಬಿದ್ದು ಸತ್ತ ಹಾಗೆ ಮಲಗುತ್ತವೆ. ಬೆಳಿಗ್ಗೆ, ಸಂಜೆ ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕು. ನಾಲ್ಕು ಕುಂಡಕ್ಕೆ ಔಷಧಿ ಯಾಕೆ?

ಜಯನಗರ ತಾರಸಿ:
ತುಂಬಾ ಥ್ಯಾಂಕ್ಸ್ ಅಜ್ಜಿ. ಆದರೆ ಕೋಗಿಲೆ ಜೇನಿಂದ ನೀಲಿಪಟ್ಟೆ ಜೇನು ಕಮ್ಮಿ ಆಗಲ್ವಾ? ನಮ್ಮ ಟೊಮೆಟೊ ಹೂವಿಗೆ ಅವೇ ಬರೋದು.

ಹೆಬ್ಬಾಳದ ಹುಳುಪ್ರೇಮಿ:
ಕೋಗಿಲೆ ಜೇನು ಬರುತ್ತಿದೆ ಅಂದರೆ ಹತ್ತಿರದಲ್ಲೇ ನೀಲಿಪಟ್ಟೆ ಜೇನಿನ ಗೂಡುಗಳಿವೆ ಅಂತಲೇ ಅರ್ಥ. ಗೂಡಿಲ್ಲದೆ ಇದು ಬದುಕೋಕಾಗಲ್ಲ. ನೀಲಿಪಟ್ಟೆಯವಕ್ಕೆ ನಿಜವಾದ ತೊಂದರೆ ನಾವು ಅಂಗಳಕ್ಕೆಲ್ಲ ಸಿಮೆಂಟ್ ಬಳಿಯೋದು. ಕಾಂಪೌಂಡ್ ಪಕ್ಕ ಒಂದಿಷ್ಟು ಮಣ್ಣು ಹಾಗೇ ಬಿಡಿ. ಕೋಗಿಲೆ ಜೇನಲ್ಲಿ ಹೆಣ್ಣಿಗೆ ಕೊಂಡಿ ಇದೆ, ಮಕ್ಕಳು ಕೈಯಲ್ಲಿ ಹಿಡಿಯದಿದ್ದರೆ ಸಾಕು, ತಾನಾಗಿ ಮೈಮೇಲೆ ಬರೋದಿಲ್ಲ.