ಟ್ಯಾಂಕ್ ಯಾಕೆ ಅಷ್ಟು ದೊಡ್ಡದು ಬೇಕು? ಪುಟ್ಟಿಗೆ ಮಾವನ ಉತ್ತರ

ಪುಟ್ಟಿ, ಡ್ಯೂಟಿ ಮುಗಿಸಿ ಮಾಲೂರಿನಿಂದ ಈಗಷ್ಟೇ ಬಂದೆ. ನಿನ್ನ ಪ್ರಶ್ನೆ ನೋಡಿದೆ. ರಿಯಾಕ್ಷನ್ ಅದೇ, ಬೇಕಾದ ಕನ್ವರ್ಶನ್ನೂ (ಮಾಲಿನಲ್ಲಿ ನೂರಕ್ಕೆ ಎಷ್ಟು ಭಾಗ ಬದಲಾಗಬೇಕು ಅನ್ನುವುದು) ಅಷ್ಟೇ, ಆದರೂ ಸಿಎಸ್‌ಟಿಆರ್, ಅಂದರೆ ಮಾಲು ಬರುತ್ತಾ ಹೋಗುತ್ತಾ ಸದಾ ಕಲಕುತ್ತಿರುವ ಟ್ಯಾಂಕ್, ಯಾಕೆ ಪ್ಲಗ್ ಫ್ಲೋ ಪೈಪ್‌ಗಿಂತ ಅಷ್ಟು ದೊಡ್ಡದಿರಬೇಕು ಅಂತ ಕೇಳಿದ್ದೀಯ. ಸೂತ್ರ ಬಾಯಿಪಾಠ ಆಯಿತು, ಕಾರಣ ಗೊತ್ತಾಗಲಿಲ್ಲ ಅಂದೆಯಲ್ಲ, ಆ ಮಾತು ಕೇಳಿ ಖುಷಿಯಾಯಿತು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೊದಲು ಬ್ಯಾಚ್ ರಿಯಾಕ್ಟರ್, ಅದು ಸುಲಭ. ಅವರೆಕಾಳು ಬೇಯಿಸುವ ಕುಕ್ಕರ್ ಇದ್ದ ಹಾಗೆ. ಎಲ್ಲ ಹಾಕಿ ಮುಚ್ಚಳ ಮುಚ್ಚಿದರೆ ಆಯಿತು, ಮಧ್ಯೆ ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ.

ಇನ್ನು ನಮ್ಮ ಟೊಮೆಟೊ ತೋಟದಲ್ಲಿ ಡ್ರಿಪ್‌ಗೆ ಗೊಬ್ಬರ ಬಿಡುವ ಟ್ಯಾಂಕ್ ನೋಡಿದ್ದೀಯ, ಅಲ್ವಾ? ಒಂದು ಕಡೆ ನೀರು ಒಳಗೆ ಬರುತ್ತದೆ, ಇನ್ನೊಂದು ಕಡೆ ಹೊರಗೆ ಹೋಗುತ್ತದೆ. ಬಣ್ಣದ ಗೊಬ್ಬರ ಕರಗಿಸಿ ಹಾಕಿದ ದಿನ ಗಮನಿಸು. ಬಣ್ಣ ಒಂದೇ ಸಲ ಖಾಲಿ ಆಗುವುದಿಲ್ಲ. ತೆಳ್ಳಗಾಗುತ್ತಾ ಆಗುತ್ತಾ ಹೋಗುತ್ತದೆ. ಚೆನ್ನಾಗಿ ಬೆರೆಯುವ 60 ಲೀಟರ್ ಟ್ಯಾಂಕ್‌ನಲ್ಲಿ 60 ಲೀಟರ್ ನೀರು ಹರಿದ ಮೇಲೂ ನೂರಕ್ಕೆ 37 ಭಾಗ ಗೊಬ್ಬರ ಒಳಗೇ ಇರುತ್ತದೆ. 180 ಲೀಟರ್ ಹರಿದರೂ 5 ಭಾಗ ಉಳಿದಿರುತ್ತದೆ. ಯಾಕೆಂದರೆ ಬಂದ ನೀರು ಬಂದ ಕ್ಷಣದಲ್ಲೇ ಒಳಗಿನದರ ಜೊತೆ ಬೆರೆತುಬಿಡುತ್ತದೆ. ಈಗ ಬಂದ ಹನಿಯೂ ಮುಂದಿನ ಕ್ಷಣ ಹೊರಗೆ ಹೋಗಬಹುದು. ಸಿಎಸ್‌ಟಿಆರ್ ಅಂದರೆ ಇದೇ.

ಅದೇ ನೀರು ಪೈಪ್‌ಗೆ ಇಳಿದ ಮೇಲೆ ಸಾಲಾಗಿ ಹೋಗುತ್ತದೆ. ದೂರದ ಡ್ರಿಪ್ಪರ್ ಕೆಳಗೆ ಅಂಗೈ ಹಿಡಿದು ಕೂತರೆ, ಮೊದಲು ಬರೀ ನೀರು, ತುಂಬಾ ಹೊತ್ತು ಬರೀ ನೀರು, ಆಮೇಲೆ ಬಣ್ಣ ಬಂತು! ಹಿಂದಿನದು ಮುಂದಿನದನ್ನು ದಾಟುವುದಿಲ್ಲ. ಪ್ಲಗ್ ಫ್ಲೋ ಅಂದರೆ ಇದೇ.

ಈಗ ಇದಕ್ಕೆ ರಿಯಾಕ್ಷನ್ ಸೇರಿಸು. ಸಾಮಾನ್ಯವಾಗಿ ಮಾಲು ದಟ್ಟವಾಗಿದ್ದರೆ ರಿಯಾಕ್ಷನ್ ಜೋರು, ತೆಳುವಾದರೆ ನಿಧಾನ. ಪೈಪ್‌ನ ಬಾಯಲ್ಲಿ ಮಾಲು ಪೂರ್ತಿ ದಟ್ಟ, ಅದಕ್ಕೇ ಶುರುವಿನಲ್ಲೇ ಕೆಲಸ ಜಾಸ್ತಿ ಆಗುತ್ತದೆ. ಟ್ಯಾಂಕ್‌ನಲ್ಲಿ ಮಾತ್ರ ಎಲ್ಲ ಕಡೆ ಹೊರಗೆ ಹೋಗುವ ಮಾಲಿನಷ್ಟೇ ತೆಳು. ಇಡೀ ಟ್ಯಾಂಕ್ ಅತಿ ನಿಧಾನದ ವೇಗದಲ್ಲೇ ನಡೆಯುತ್ತದೆ. ಆ ನಿಧಾನಕ್ಕೇ ಗಾತ್ರ ಕೊಡಬೇಕು.

ಫಸ್ಟ್ ಆರ್ಡರ್‌ಗೆ, ಅಂದರೆ ಮಾಲು ಎಷ್ಟು ದಟ್ಟವೋ ಅದಕ್ಕೆ ತಕ್ಕಷ್ಟೇ ವೇಗ ಇರುವ ರಿಯಾಕ್ಷನ್‌ಗೆ, ಲೆಕ್ಕ ಹಾಕಿ ನೋಡು. 90 ಪರ್ಸೆಂಟ್ ಕನ್ವರ್ಶನ್‌ಗೆ ಪೈಪ್‌ನ ಗಾತ್ರ 2.3 ಪಾಲು ಆದರೆ ಟ್ಯಾಂಕ್‌ನದು 9 ಪಾಲು, ಹೆಚ್ಚೂಕಮ್ಮಿ ನಾಲ್ಕರಷ್ಟು. 99 ಪರ್ಸೆಂಟ್ ಬೇಕಂದರೆ ಪೈಪ್‌ನ 4.6 ಎಲ್ಲಿ, ಟ್ಯಾಂಕ್‌ನ 99 ಎಲ್ಲಿ! ಅದೇ 90ಕ್ಕೆ ಒಂದರ ಹಿಂದೆ ಒಂದು ಸಮ ಗಾತ್ರದ ಎರಡು ಟ್ಯಾಂಕ್ ಇಟ್ಟರೆ ಒಟ್ಟು 4.3 ಸಾಕು, ಮೂರು ಇಟ್ಟರೆ 3.5. ಟ್ಯಾಂಕ್ ಜಾಸ್ತಿ ಮಾಡಿದಷ್ಟೂ ಪೈಪ್‌ಗೆ ಹತ್ತಿರ ಆಗುತ್ತದೆ. ದಟ್ಟ ಇರಲಿ ತೆಳು ಇರಲಿ ಒಂದೇ ವೇಗದಲ್ಲಿ ನಡೆಯುವ ಝೀರೋ ಆರ್ಡರ್‌ಗೆ ಮಾತ್ರ ಎರಡೂ ಒಂದೇ ಗಾತ್ರ, ಮರೆಯಬೇಡ.

ಹಾಗಂತ ಟ್ಯಾಂಕ್ ಕೆಟ್ಟದ್ದು ಅಂತ ಬರೆದುಬಿಡಬೇಡ. ಬಿಸಿ ಹೊರಹಾಕುವ ರಿಯಾಕ್ಷನ್ ಆದರೆ ಪೈಪ್‌ನ ಬಾಯಿ ಹತ್ತಿರ ಒಂದೇ ಜಾಗದಲ್ಲಿ ಶಾಖ ಏರುತ್ತದೆ. ಟ್ಯಾಂಕ್‌ನಲ್ಲಿ ಅದು ಎಲ್ಲ ಕಡೆ ಹಂಚಿಹೋಗುತ್ತದೆ, ಹಿಡಿತಕ್ಕೆ ಸಿಗುತ್ತದೆ. ನಮ್ಮ ಫ್ಯಾಕ್ಟರಿಯಲ್ಲಿ ಈ ತಿಂಗಳು ಒಂದು ಮಾಲು, ಮುಂದಿನ ತಿಂಗಳು ಇನ್ನೊಂದು. ಅದಕ್ಕೆ ಬ್ಯಾಚೇ ಸರಿ, ತೊಳೆಯುವ ಹೊತ್ತು ದಂಡ ಆದರೂ ಪರವಾಗಿಲ್ಲ.

ಭಾನುವಾರ ತೋಟಕ್ಕೆ ಬಾ, ಅವತ್ತು ಗೊಬ್ಬರ ಬಿಡುತ್ತೇವೆ. ಹತ್ತು ಗಾಜಿನ ಲೋಟ ತಾ. ಐದೈದು ನಿಮಿಷಕ್ಕೆ ಟ್ಯಾಂಕ್‌ನಿಂದ ಬರುವ ನೀರು ಹಿಡಿದು ಸಾಲಾಗಿ ಇಡೋಣ.