ಸಹಾಯ ಬೇಕು: ಸೆರೆಸ್ ಲೆಕ್ಕ ಕೈಕೊಡ್ತಾ ಇದೆ

ಎಲ್ಲರಿಗೂ ನಮಸ್ಕಾರ. ನನ್ನ ಸ್ನಾತಕೋತ್ತರ ಪ್ರಾಜೆಕ್ಟ್ ಅರ್ಧ ಗಣಿತದ ಇತಿಹಾಸ, ಅರ್ಧ ಸ್ಟ್ಯಾಟಿಸ್ಟಿಕ್ಸ್. ಲೀಸ್ಟ್ ಸ್ಕ್ವೇರ್ಸ್ ವಿಧಾನವನ್ನು (ತಪ್ಪುಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆ ಆಗುವಂತೆ ಉತ್ತರ ಹುಡುಕುವುದು) ಮೊದಲು ಅಚ್ಚು ಹಾಕಿಸಿದ್ದು ಫ್ರೆಂಚ್ ಗಣಿತಜ್ಞ ಲೆಜಾಂಡ್ರ್, 1805ರಲ್ಲಿ. 1809ರಲ್ಲಿ ಜರ್ಮನ್ ಗಣಿತಜ್ಞ ಗೌಸ್ ಬಂದು, ನಾನು 1795ರಿಂದಲೇ ಇದನ್ನು ಬಳಸುತ್ತಿದ್ದೇನೆ ಅಂದರು. ಲೆಜಾಂಡ್ರ್‌ಗೆ ಸಿಟ್ಟು ಬರದೆ ಇರುತ್ತಾ!

ಜಗಳದ ಭಾಗ ಬರೆದು ಮುಗಿಸಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಲೆಕ್ಕದಲ್ಲಿ. 1801ರ ಜನವರಿ 1ರಿಂದ ಫೆಬ್ರವರಿ 11ರವರೆಗೆ ಖಗೋಳಜ್ಞ ಪಿಯಾಜ್ಜಿ ಸೆರೆಸ್ ಅನ್ನುವ ಕುಬ್ಜ ಗ್ರಹವನ್ನು 24 ಸಲ ನೋಡಿ ಬರೆದಿಟ್ಟಿದ್ದರು, ಗೌಸ್ ಕೂಡ ಬಳಸಿದ್ದ ಅದೇ ಅಂಕಿಗಳಿಂದ ಕಕ್ಷೆಯ ಆರು ಅಂಶಗಳನ್ನು (ಅದರ ಗಾತ್ರ, ಆಕಾರ, ಓರೆ ಇತ್ಯಾದಿ ಹೇಳುವ ಸಂಖ್ಯೆಗಳು) ಕಂಪ್ಯೂಟರ್‌ನಲ್ಲಿ ಮತ್ತೆ ಕಂಡುಹಿಡಿಯೋಣ ಅಂತ ಹೊರಟೆ. ಆದರೆ ಸೆರೆಸ್ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 4.6 ವರ್ಷ ಬೇಕು, ನಮ್ಮ ಕೈಲಿರುವುದು ಬರೀ 41 ದಿನದ ತುಣುಕು. ಹಾಗಾಗಿ ಮ್ಯಾಟ್ರಿಕ್ಸ್‌ನ ಕಾಲಂಗಳು ಹೆಚ್ಚುಕಡಿಮೆ ಒಂದೇ ಥರ ಆಗಿಬಿಡುತ್ತವೆ. ಒಂದು ಅಂಕಿಯನ್ನು ಚೂರು ಅಲ್ಲಾಡಿಸಿದರೂ ಉತ್ತರ ಎಲ್ಲೆಲ್ಲೋ ಹೋಗುತ್ತದೆ.

ನಾರ್ಮಲ್ ಸಮೀಕರಣ (ಲೀಸ್ಟ್ ಸ್ಕ್ವೇರ್ಸ್ ಬಿಡಿಸುವ ಮಾಮೂಲಿ ದಾರಿ) ಬಳಸಿದರೆ ಕಂಡಿಷನ್ ನಂಬರ್, ಅಂದರೆ ಚಿಕ್ಕ ತಪ್ಪು ಉತ್ತರದಲ್ಲಿ ಎಷ್ಟು ದೊಡ್ಡದಾಗಬಹುದು ಅನ್ನುವ ಅಳತೆ, ವರ್ಗವಾಗುತ್ತದೆ, ಗೊತ್ತು. ಕ್ಯೂಆರ್‌ಗೆ (ಮ್ಯಾಟ್ರಿಕ್ಸನ್ನು ಎರಡಾಗಿ ಒಡೆದು ಆ ವರ್ಗವಾಗುವುದನ್ನು ತಪ್ಪಿಸುವ ವಿಧಾನ) ಬದಲಾಯಿಸಿದೆ, ಸ್ವಲ್ಪ ಪರವಾಗಿಲ್ಲ, ಆದರೆ ಡೇಟಾದಲ್ಲೇ ಇರುವ ಬಡತನ ಅದರಿಂದ ಹೋಗಲ್ಲ ಅಲ್ವಾ?

ಇಂಥ ಚಿಕ್ಕ ತುಣುಕಿನ ಕಕ್ಷೆ ಲೆಕ್ಕ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಅಂಶಗಳ ಸ್ಕೇಲ್ ಬದಲಿಸಬೇಕಾ, ರಿಡ್ಜ್ (ಉತ್ತರ ಎಲ್ಲೆಲ್ಲೋ ಹೋಗದಂತೆ ಸೇರಿಸುವ ಚಿಕ್ಕ ದಂಡ) ಹಾಕಬೇಕಾ? ರಿಡ್ಜ್ ಹಾಕಿದರೆ ಅದು ಗೌಸ್ ಕಾಲದ ಲೆಕ್ಕ ಅನ್ನಿಸಿಕೊಳ್ಳಲ್ಲ, ಗೈಡ್ ಖಂಡಿತ ಕೇಳುತ್ತಾರೆ. ಸುಮ್ನೆ ಕೋಡ್ ಕೊಡಿ ಅಂತ ಕೇಳುತ್ತಿಲ್ಲ, ದಾರಿ ತೋರಿಸಿದರೆ ಸಾಕು. ನನ್ನ ಕೋಡ್ ಬೇಕಿದ್ದರೆ ಕಾಮೆಂಟ್‌ನಲ್ಲಿ ಹಾಕುತ್ತೇನೆ.