ರಿಸರ್ವ್ ದೀಪ ಹತ್ತಿದ ಮೇಲೆ ಶಿರಾಡಿ ಘಾಟಿ ಇಳಿಯಬಹುದಾ?

ಪಡುವಣ_ದಾರಿ:
1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟ್ಯಾಂಕ್ 37 ಲೀಟರ್. ಮಂಗಳೂರಿಗೆ ಹೋಗುವಾಗ ಸಕಲೇಶಪುರದ ಹತ್ತಿರ ದೀಪ ಹತ್ತಿತು, ಮೀಟರ್ ಇನ್ನೂ 60 ಕಿ.ಮೀ. ತೋರಿಸ್ತಿದೆ ಅಂದ್ಕೊಳ್ಳಿ. ಘಾಟಿ ಇಳಿದು ಹಾಕಿಸಿದರೆ ಸಾಕಾ? ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತಾ? ತಳದ ಕಸ ಪಂಪಿಗೆ ಹೋಗುತ್ತೆ ಅಂತಾರಲ್ಲ, ನಿಜವಾ?

ಮೂರನೇ_ಗೇರ್:
ಸಕಲೇಶಪುರದಲ್ಲೇ ಹಾಕಿಸಿ. ಆ 60 ಅನ್ನೋದು ಈವರೆಗಿನ ಮೈಲೇಜಿನ ಮೇಲೆ ಕಟ್ಟಿದ ಅಂದಾಜು. ಹಾಸನದ ಕಡೆಯ ನೇರ ರಸ್ತೆಯಲ್ಲಿ ಸಿಕ್ಕ ಮೈಲೇಜು ಟ್ಯಾಂಕರ್‌ಗಳ ಹಿಂದೆ ತೆವಳುವಾಗ ಸಿಗಲ್ಲ. ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಗುಡ್ಡ ಜರಿದು ರಸ್ತೆ ಬಂದ್ ಆಯ್ತೋ, ಎಸಿ ಹಾಕಿಕೊಂಡು ನಿಂತಲ್ಲೇ ಗಂಟೆಗೆ ಸುಮಾರು ಒಂದು ಲೀಟರ್ ಖಾಲಿ.

ನ್ಯೂಟ್ರಲ್ ಬೇಡವೇ ಬೇಡ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಮುಚ್ಚಿಕೊಳ್ಳುತ್ತೆ, ಪೆಟ್ರೋಲ್ ಹೋಗೋದೇ ಇಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗ್‌ಗೆ ಕುಡೀತಾನೇ ಇರುತ್ತೆ, ಬ್ರೇಕೂ ಕಾಯುತ್ತೆ. ಎಂಜಿನ್ ಆಫ್ ಮಾಡೋ ಮಹಾನುಭಾವರೂ ಇದ್ದಾರೆ: ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತೆ.

ನಿಮ್ಮ ಕಾರಿನ ರಿಸರ್ವ್ ತಿಳಿಯಬೇಕಾದರೆ, ಸಮತಟ್ಟು ರಸ್ತೆಯಲ್ಲಿ ದೀಪ ಹತ್ತಿದ ಕೂಡಲೇ ಬಂಕಿಗೆ ಹೋಗಿ, ಆಟೋ ಕಟ್ ಆಗೋವರೆಗೆ ತುಂಬಿಸಿ. 31 ಲೀಟರ್ ಹಿಡಿದರೆ ಉಳಿದಿದ್ದದ್ದು ಸುಮಾರು 6. ಅದರಲ್ಲೂ ಕೊನೆಯ ಒಂದೆರಡು ಲೀಟರ್ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಪಾನಾ_ನಂ_10:
ಕಸದ ಮಾತು ಅರ್ಧ ಸುಳ್ಳು. ಟ್ಯಾಂಕ್ ತುಂಬಿದ್ದರೂ ಪಂಪ್ ಎಳೆಯೋದು ತಳದಿಂದಲೇ. ನಿಜವಾದ ತೊಂದರೆ ಬಿಸಿ. ಪಂಪ್ ಟ್ಯಾಂಕಿನೊಳಗೇ ಇರುತ್ತೆ, ಅದನ್ನು ತಣ್ಣಗಿಡೋದು ಪೆಟ್ರೋಲೇ. ತಿರುವುಗಳಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದಾಗ ಪಂಪ್ ಗಾಳಿ ಎಳೆದು ಒಣ ಓಡುತ್ತೆ. ಹಿಂದಿನ ಸೀಟಿನ ಕೆಳಗೆ ಕೀರಲು ಸದ್ದು, ತಿರುವಿನಲ್ಲಿ ಜರ್ಕ್ ಬಂದರೆ ಅದೇ. ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡಬಹುದು. ಒಂದು ಸಲಕ್ಕೆ ಏನೂ ಆಗಲ್ಲ, ಸದಾ ಕೆಂಪಿನಲ್ಲೇ ಓಡಿಸೋರಿಗೆ ಪಂಪ್ ಬೇಗ ಹೋಗುತ್ತೆ.

ನಿಂತೇ ಹೋದರೆ 5 ಲೀಟರ್ ಹಾಕಿ, ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ 3 ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಲೈನಿಗೆ ಒತ್ತಡ ಬರುತ್ತೆ, ಆಮೇಲೆ ಸ್ಟಾರ್ಟ್ ಮಾಡಿ.

ಕಾಮನ್_ರೈಲ್:
ಡೀಸೆಲ್ ಕಾರಿನವರು ಇಷ್ಟಕ್ಕೇ ಬಿಡೋ ಹಾಗಿಲ್ಲ. ಲೈನಿನಲ್ಲಿ ಏರ್ ಹಿಡಿಯುತ್ತೆ. ಹೈ ಪ್ರೆಷರ್ ಪಂಪಿಗೆ ಡೀಸೆಲೇ ಎಣ್ಣೆ, ಒಣಗಿದರೆ ಒಳಗೆ ಸವೆದು ಲೋಹದ ಪುಡಿ ಇಂಜೆಕ್ಟರಿಗೂ ಹೋಗುತ್ತೆ, ರಿಪೇರಿ ಖರ್ಚು ಕೇಳಲೇಬೇಡಿ. ಫಿಲ್ಟರ್ ಹತ್ತಿರ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತೋ ಸಣ್ಣ ಪಂಪ್) ಇದ್ದರೆ ಗಟ್ಟಿಯಾಗೋವರೆಗೆ ಒತ್ತಿ, ಗಾಳಿ ಬಿಡೋ ಏರ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿಮಾಡಿ. ಸೆಲ್ಫ್ 10 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡಿ. ಹಳೇ ಟ್ರ್ಯಾಕ್ಟರಿಗೆ ಮಾಡಿದ ಹಾಗೆ ಇಂಜೆಕ್ಟರ್ ಪೈಪಿನ ನಟ್ ಬಿಚ್ಚೋಕೆ ಹೋಗಬೇಡಿ. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ಪಡುವಣ_ದಾರಿ:
ಥ್ಯಾಂಕ್ಸ್. ಇಳಿಜಾರಲ್ಲಿ 2 ಲೀಟರ್ ಹಾಕಿದರೆ ಮುಳ್ಳು ಏಳದೇ ಇರಬಹುದಾ?

ಪಾನಾ_ನಂ_10:
ಇರಬಹುದು. ಓರೆಯಾಗಿ ನಿಂತಾಗ ಟ್ಯಾಂಕಿನಲ್ಲಿ ತೇಲ್ತಾ ಮಟ್ಟ ಅಳೆಯೋ ಫ್ಲೋಟ್ ಸರಿಯಾಗಿ ತೋರಿಸಲ್ಲ, ಕೆಲವು ಕಾರುಗಳು ಅಷ್ಟು ಕಡಿಮೆ ಹಾಕಿದ್ದನ್ನು ಲೆಕ್ಕಕ್ಕೇ ತಗೊಳ್ಳಲ್ಲ. 5 ಲೀಟರ್ ಹಾಕಿ, ಸಮತಟ್ಟು ಜಾಗಕ್ಕೆ ಹೋಗಿ ನೋಡಿ.